ಏಟು ತಿಂದ ಮಗುವೇ ಏಕೆ ಶಾಲೆ ಬಿಡಬೇಕು?

ಮಹಾಪೆ, ಘನ್ಸೋಲಿ, ಕೋಪರ್‌ಖೈರ್ನೆ, ಥಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಪಾಲಕರ ಗಮನಕ್ಕೆ

ಜೂನ್ ಮಧ್ಯದಲ್ಲಿ ಶಾಲೆಗಳು ತೆರೆಯುತ್ತವೆ. ಎಲ್ಲರೂ ಸಮವಸ್ತ್ರ, ಪುಸ್ತಕ ಕೊಳ್ಳುವ ಹೊತ್ತಿನಲ್ಲಿ ಕೆಲವು ಪಾಲಕರು ಮಗುವಿನ ಶಾಲೆ ಬಿಟ್ಟ ಪ್ರಮಾಣಪತ್ರ (ಎಲ್‌ಸಿ) ಹಿಡಿದು ಬೇರೆ ಶಾಲೆಗೆ ಅಲೆಯುತ್ತಿರುತ್ತಾರೆ. ಸಹಪಾಠಿಗಳು ವರ್ಷವಿಡೀ ಕಾಡಿದರು, ಹೊಡೆದರು, ಅಡ್ಡಹೆಸರಿಟ್ಟು ಹಂಗಿಸಿದರು. ಕೊನೆಗೆ ಶಾಲೆ ಬಿಟ್ಟದ್ದು ಏಟು ತಿಂದ ಮಗು. ಹೊಡೆದವರು ಅದೇ ಬೆಂಚಿನ ಮೇಲೆ ಕೂತಿದ್ದಾರೆ.

ಈ ಹಿಂಸೆ ಮೊದಲು ಕಾಣಿಸುವುದು ಮಗುವಿನ ಚೀಲದಲ್ಲಿ. ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತದೆ. ನೀರಿನ ಬಾಟಲಿಯೂ ಹಾಗೆಯೇ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಅಲ್ಲಿ ಕಾಡುವವರ ಗುಂಪು ಕಾಯುತ್ತಿರುತ್ತದೆ. ಸೋಮವಾರ ಬೆಳಗಾದರೆ ಹೊಟ್ಟೆನೋವು. ಶಾಲೆ ಬದಲಾಯಿಸಿದರೆ ಇದೆಲ್ಲ ನಿಲ್ಲುತ್ತದೆಯೇ? ಹಳೆಯ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಆ ಮಗುವಿನ ಫೋಟೊ ಸ್ಟಿಕ್ಕರ್ ಆಗಿ ಇನ್ನೂ ತಿರುಗುತ್ತಿರುತ್ತದೆ. ನಿದ್ದೆಗೇಡು, ಬೆಚ್ಚಿಬೀಳುವುದು, ಓದು ತಲೆಗೆ ಹತ್ತದಿರುವುದು, ಎಲ್ಲವೂ ಹೊಸ ಶಾಲೆಗೂ ಜೊತೆಗೇ ಹೋಗುತ್ತವೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಆಪ್ತ ಸಮಾಲೋಚಕರು ಒಬ್ಬರಾದರೂ ಇರಲೇಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಆಗಲೇಬೇಕು. ಮಹಾರಾಷ್ಟ್ರದಲ್ಲಿ 1999ರಿಂದಲೇ ರ‍್ಯಾಗಿಂಗ್ ನಿಷೇಧ ಕಾಯ್ದೆಯಿದೆ. ಅದರ ಪ್ರಕಾರ ಲಿಖಿತ ದೂರು ಬಂದ ಏಳು ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಣೆ ನಡೆಸಬೇಕು. ಇಷ್ಟಿದ್ದರೂ ಏಟು ತಿಂದ ಮಗುವೇ ಶಾಲೆ ಬಿಡಬೇಕೆ?

‘ಮಕ್ಕಳೆಂದ ಮೇಲೆ ಇದೆಲ್ಲ ಇದ್ದದ್ದೇ, ನಾವೂ ಏಟು ತಿಂದೇ ಬೆಳೆದವರು’ ಎನ್ನುವ ಹಿರಿಯರಿದ್ದಾರೆ. ಮಹಾಪೆ ಎಂಐಡಿಸಿಯ ಕಂಪನಿಯಲ್ಲಿ ಪಕ್ಕದ ಟೇಬಲ್ಲಿನವನು ದಿನಾ ಅವರ ಕಪಾಳಕ್ಕೆ ಬಾರಿಸಿದರೆ ಅದನ್ನೂ ಇದ್ದದ್ದೇ ಎಂದು ಬಿಡುತ್ತಾರೆಯೇ? ಮನೋವೈದ್ಯರ ಹೆಸರೆತ್ತಿದರೆ ‘ಥಾಣೆಗೆ ಕಳಿಸ್ತೀರಾ’ ಎಂದು ನಗುವವರು ಇನ್ನೊಂದು ಕಡೆ. ಥಾಣೆಯ ಮನೋರೋಗಿಗಳ ಆಸ್ಪತ್ರೆ ಶುರುವಾದದ್ದು 1901ರಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ಆ ಹೆಸರು ಇವರ ಬಾಯಲ್ಲಿ ಬೈಗುಳವಾಗಿಯೇ ಉಳಿದಿದೆ. ಆ ನಗು ಕೇಳಿದ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ನಮ್ಮ ಕನ್ನಡ ಸಂಘಗಳದ್ದೂ ಇದೇ ಕಥೆ. ವಾರ್ಷಿಕೋತ್ಸವದಲ್ಲಿ 95 ಪ್ರತಿಶತ ತೆಗೆದವರಿಗೆ ಶಾಲು, ಹಾರ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿ ಏನಾದಳೆಂದು ಕೇಳಲು ಒಬ್ಬ ಪದಾಧಿಕಾರಿಗೂ ಬಿಡುವಿಲ್ಲ. ರಾಜಕೀಯ ಪಕ್ಷಗಳದ್ದು ಇನ್ನೂ ಹೇಯ. 2025ರ ನವೆಂಬರಿನಲ್ಲಿ ಕಲ್ಯಾಣದ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಲೋಕಲ್ ರೈಲಿನಲ್ಲಿ ಗುಂಪೊಂದು ಭಾಷೆಯ ನೆಪದಲ್ಲಿ ಥಳಿಸಿತೆಂದು ಅವನ ತಂದೆ ದೂರಿದರು. ಅಂದೇ ಅವನು ಪ್ರಾಣ ಕಳೆದುಕೊಂಡಿದ್ದ. ಪಕ್ಷಗಳು ಒಂದರ ಮೇಲೊಂದು ಕೆಸರೆರಚಿದವು. ಏಟು ತಿಂದು ಮನೆಗೆ ಬಂದ ಹುಡುಗನ ಪಕ್ಕ ಆ ಹೊತ್ತಿನಲ್ಲಿ ಯಾರು ಕೂರಬೇಕು ಎಂಬ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು.

ಗಾಯ ಮಾಯುವುದುಂಟು. ಮೊದಲು ಮಗುವಿಗೆ ಭಯವಿಲ್ಲದ ಜಾಗ ಬೇಕು. ತರಗತಿ ಬದಲಾಗಬೇಕಾದದ್ದು ಹೊಡೆದವರದ್ದು. ಆಮೇಲೆ, ಹೇಳಿದ್ದನ್ನು ನಂಬುವ ಒಬ್ಬ ಹಿರಿಯರು, ಜೊತೆಗೆ ಊಟಕ್ಕೆ ಕೂರುವ ಒಬ್ಬ ಗೆಳೆಯ, ತಿಂಗಳುಗಟ್ಟಲೆ ತಾಳ್ಮೆಯಿಂದ ನಡೆಯುವ ಸಮಾಲೋಚನೆ. ಫಿನ್ಲೆಂಡ್ 2009ರಲ್ಲಿ ದೇಶವ್ಯಾಪಿಯಾಗಿಸಿದ ‘ಕೀವಾ’ ಕಾರ್ಯಕ್ರಮದಲ್ಲಿ, ಸುಮ್ಮನೆ ನಿಂತು ನೋಡುವ ಸಹಪಾಠಿಗಳನ್ನೇ ಏಟು ತಿಂದವನ ಪಕ್ಕಕ್ಕೆ ತರುವ ಪಾಠಗಳಿವೆ. ಇಲ್ಲಿಯೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮಕ್ಕಳ ಸಹಾಯವಾಣಿ 1098.

ಶಾಲೆ ತೆರೆದ ಮೇಲಿನ ಮೊದಲ ಪಾಲಕರ ಸಭೆಗೆ ಎಲ್ಲರೂ ಬರಬೇಕು, ಪ್ರಶ್ನೆಗಳನ್ನು ಬರೆದೇ ಕೊಡಬೇಕು. ಆಪ್ತ ಸಮಾಲೋಚಕರ ಹೆಸರೇನು? ಅವರು ಯಾವ ದಿನ, ಯಾವ ಕೋಣೆಯಲ್ಲಿ ಸಿಗುತ್ತಾರೆ? ಕಳೆದ ವರ್ಷ ಬಂದ ದೂರುಗಳು ಎಷ್ಟು, ಆ ದೂರುಗಳ ನಂತರ ಶಾಲೆ ಬಿಟ್ಟವರು ಯಾರು?