ಗದ್ದಲವಲ್ಲ, ಬುಕಿಂಗ್

ಕ್ಯಾಲಿಫೋರ್ನಿಯಾದ ಫೈಫರ್ ಬಿಗ್ ಸರ್ ಸ್ಟೇಟ್ ಪಾರ್ಕಿನಲ್ಲಿ ಟೆಂಟು ಹಾಕಿದ್ದೆ ಎಂದರೆ ನನ್ನ ಚಾರಣಿಗ ಗೆಳೆಯರು ಮೂಗು ಮುರಿಯುತ್ತಾರೆ: 'ಅದು ಕಾಡಲ್ಲ, ಸಂತೆ.' ನಿಜ, ಪಕ್ಕದ ಟೆಂಟಿನ ಗೊರಕೆ ಕೇಳಿಸುತ್ತದೆ. ರೆಡ್‌ವುಡ್ ಮರಗಳ ಕೆಳಗೆ ಒಲೆಗಳ ಹೊಗೆ ಕವಿಯುತ್ತದೆ. ಆದರೆ ನಲ್ಲಿ, ಶೌಚಾಲಯ, ರೇಂಜರ್ ಇರುವುದರಿಂದಲೇ ಮಕ್ಕಳು, ಮುದುಕರು, ನನ್ನಂಥ ಹೊಸಬರು ಅಲ್ಲಿ ಧೈರ್ಯವಾಗಿ ರಾತ್ರಿ ಕಳೆಯುತ್ತಾರೆ. ಹಳಿಯಬೇಕಾದದ್ದು ಈ ಜನರನ್ನಲ್ಲ, ಬುಕಿಂಗ್ ಪದ್ಧತಿಯನ್ನು. ಅದು 6 ತಿಂಗಳು ಮೊದಲೇ ಆನ್‌ಲೈನಿನಲ್ಲಿ ತೆರೆದುಕೊಳ್ಳುತ್ತದೆ; ಬೇಸಿಗೆಯ ವಾರಾಂತ್ಯಗಳು ಬಹುಬೇಗ ಮುಗಿದುಹೋಗುತ್ತವೆ. ಪಿಎಚ್‌ಡಿ ವಿದ್ಯಾರ್ಥಿಯಾದ ನನಗೆ ಮುಂದಿನ ರಜೆಗಳು ಗೊತ್ತು. ಬರುವ ವಾರದ ಪಾಳಿಯೇ ತಿಳಿಯದ ಹೋಟೆಲ್ ಕೆಲಸಗಾರ ಏನು ಮಾಡಬೇಕು? ಸಾರ್ವಜನಿಕ ಕಾಡು ಬಿಡುವು ಉಳ್ಳವರ ಸ್ವತ್ತಲ್ಲ. ಒಂದಷ್ಟು ಜಾಗಗಳನ್ನು ಅಂದು ಬಂದವರ ಸರತಿಗೇ ಬಿಡಲಿ.