ಕಿಲೋಮೀಟರ್ ಬೇಡ, ಗಂಟೆ ಕೇಳಿ

ಈಗ ಸಂಘದ ಯಾವ ಹಿರಿಯರ ಮನೆಗೆ ಫೋನ್ ಮಾಡಿದರೂ ಒಂದೇ ಉತ್ತರ: 'ಅವರು ದೆಹಲಿಯಲ್ಲಿಲ್ಲ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಾರೆ.' ನೀವೂ ಹೊರಡುವ ಸಾಲಿನಲ್ಲಿದ್ದರೆ ಈ ಸಲದ ಅಂಕಣ ನಿಮಗಾಗಿಯೇ.

ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ದೂರವೆಷ್ಟು? ಮೊಮ್ಮಕ್ಕಳ ಭೂಗೋಳದ ಮೇಲೆ ದಾರ ಹಿಡಿದು ಅಳೆಯಿರಿ. ಸುಮಾರು 12,400 ಕಿ.ಮೀ. ದಾರ ಉತ್ತರಕ್ಕೆ ಏರಿ ಆರ್ಕ್ಟಿಕ್ ಸಮುದ್ರದ ಮೇಲೆ ಹಾಯುವುದನ್ನು ನೋಡಿ ನಿಮಗೇ ಆಶ್ಚರ್ಯವಾದೀತು. ಆದರೆ ವಿಮಾನ ದಾರದ ಮಾತು ಕೇಳುವುದಿಲ್ಲ, ಗಾಳಿಯ ಮಾತು ಕೇಳುತ್ತದೆ.

2015ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾ ಈ ನೇರ ಹಾರಾಟ ಆರಂಭಿಸಿದಾಗ ದಾರಿ ಅಟ್ಲಾಂಟಿಕ್ ಮೇಲಿತ್ತು. ಸುಮಾರು 13,900 ಕಿ.ಮೀ., ಹದಿನಾರೂವರೆ ಗಂಟೆ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಹಾರಿಸಿದರು. ದಾರಿ ಸುಮಾರು 15,300 ಕಿ.ಮೀ.ಗೆ ಬೆಳೆಯಿತು, ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು! ನೆಲದಿಂದ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಪೂರ್ವಕ್ಕೆ ಹೊರಟವರ ಬೆನ್ನಿಗೆ ಅದು ನೂಕು ಕೊಡುತ್ತದೆ, ಪಶ್ಚಿಮಕ್ಕೆ ಹೊರಟವರ ಎದೆಗೆ ಅಡ್ಡ ನಿಲ್ಲುತ್ತದೆ. ಯಾವುದಾದರೂ ದೇಶ ತನ್ನ ಆಕಾಶವನ್ನು ಮುಚ್ಚಿದರೆ ದಾರಿಯೂ ಹೊತ್ತೂ ಮತ್ತೆ ಬದಲು. ಆದ್ದರಿಂದ ಟಿಕೆಟ್ ಕೊಳ್ಳುವಾಗ ಒಟ್ಟು ಎಷ್ಟು ಗಂಟೆ ಎಂದು ಕೇಳಿ.

ಗಡಿಯಾರವನ್ನಂತೂ ನಂಬಲೇಬೇಡಿ. ಬೇಸಿಗೆಯಲ್ಲಿ ಆ ಊರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಇಲ್ಲಿಂದ ಹೊರಟು ಹದಿನಾಲ್ಕೂವರೆ ಗಂಟೆ ಹಾರಿದರೆ, ಇಳಿಯುವಾಗ ಅಲ್ಲಿ ಅದೇ ದಿನದ ಬೆಳಗ್ಗೆ ಆರು. ಗಡಿಯಾರದ ಲೆಕ್ಕದಲ್ಲಿ ಪ್ರಯಾಣ ಎರಡೇ ಗಂಟೆ!

ಈ ಮೋಸಕ್ಕೆ ನಾವು ಸಿಕ್ಕಿಬಿದ್ದೆವು. ನನ್ನಾಕೆಗೆ ಸಕ್ಕರೆ ಕಾಯಿಲೆ. ಬೆಳಗಿನ ತಿಂಡಿಗೆ ಮೊದಲು ಮಾತ್ರೆ ನುಂಗುವುದು ವಾಡಿಕೆ. ವಿಮಾನದಲ್ಲಿ ಎರಡು ಸಲ ತಿಂಡಿ ಬಂತು, ಆಕೆ ಎರಡು ಸಲವೂ ಮಾತ್ರೆ ನುಂಗಿದಳು. ಎರಡನೆಯ ತಿಂಡಿ ಸೇರದೆ ಹಾಗೆಯೇ ಬಿಟ್ಟಳು. ಸ್ವಲ್ಪ ಹೊತ್ತಿಗೆ, 'ರೀ, ಕೈ ನಡುಗ್ತಿದೆ, ಕಣ್ಣು ಕತ್ತಲೆ ಬರ್ತಿದೆ' ಅಂದಳು. ಮೈಯೆಲ್ಲ ತಣ್ಣನೆಯ ಬೆವರು. ಮಗಳಿಗೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದ ಕಲ್ಲುಸಕ್ಕರೆಯೂ ಗಗನಸಖಿ ಓಡಿ ತಂದ ಹಣ್ಣಿನ ರಸವೂ ಆ ಹೊತ್ತು ನಮ್ಮನ್ನು ಕಾಪಾಡಿದವು. ಕೆಳಗೆ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಇಂದಿಗೂ ನೆನೆದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಹೊರಡುವ ಮೊದಲೇ ನಿಮ್ಮ ಡಾಕ್ಟರಿಗೆ ಪ್ರಯಾಣದ ಒಟ್ಟು ಗಂಟೆಗಳನ್ನು ಹೇಳಿ, ಯಾವ ಮಾತ್ರೆ ಎಷ್ಟು ಗಂಟೆಗೊಮ್ಮೆ ಎಂದು ಬರೆಸಿಕೊಳ್ಳಿ. ಒಂದು ವಾಚನ್ನು ಊರಿನ ಸಮಯಕ್ಕೇ ಬಿಡಿ. ಔಷಧಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು.

ಬರುವಾಗ ತಾರೀಖಿನ ಕಡೆಗೂ ಗಮನವಿರಲಿ. ಬೇಸಿಗೆಯಲ್ಲಿ ಅಲ್ಲಿ 10ರ ರಾತ್ರಿ ಒಂಬತ್ತಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ ಇಲ್ಲಿ 12ರ ಬೆಳಗಿನ ಜಾವ ಒಂದೂವರೆ. ನಾನು ಭಾವಮೈದುನನಿಗೆ 11 ಎಂದು ಹೇಳಿಬಿಟ್ಟಿದ್ದೆ. ಪಾಪ, ಒಂದು ದಿನ ಮೊದಲೇ ನಡುರಾತ್ರಿಯಲ್ಲಿ ಕಾರು ತಂದು ಕಾದ. ಆಗ ನಾವಿನ್ನೂ ಮಗಳ ಮನೆಯಲ್ಲಿ ಪೆಟ್ಟಿಗೆ ತೂಗುತ್ತಿದ್ದೆವು.