ಪಹಣಿ ಇಲ್ಲದವನು ರೈತನಲ್ಲವೇ?

ಬೆಳೆವಿಮೆ ರೈತನ ರಕ್ಷೆ ಎಂದು ಸರ್ಕಾರ ಡಂಗುರ ಹೊಡೆಯುತ್ತಿದೆ. ಯಾವ ರೈತ ಸ್ವಾಮಿ? ಪಹಣಿಯಲ್ಲಿ ಹೆಸರಿರುವವನೋ, ಹೊಲದಲ್ಲಿ ಬೆವರು ಸುರಿಸುವವನೋ?

1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿದರು. ಉಳುವವನೇ ಒಡೆಯ ಅಂದರು. ಗೇಣಿ ಕಾಗದದಲ್ಲಿ ಸತ್ತಿತು, ಹೊಲದಲ್ಲಿ ಸಾಯಲಿಲ್ಲ. ಗೇಣಿ ಚೀಟಿ ಇಲ್ಲದ, ದಣಿಯ ಎದುರು ಡಿಕ್ಲರೇಷನ್ ಹಾಕಲು ಎದೆಗಾರಿಕೆ ಸಾಲದ ನಮ್ಮ ಕೇರಿಯವರು ಕೂಲಿಗಳಾಗಿಯೇ ಉಳಿದರು. ಇವತ್ತೂ ವಾರಕ್ಕೆ, ಗುತ್ತಿಗೆಗೆ, ಲಾವಣಿಗೆ ಉಳುತ್ತಾರೆ. ಎಲ್ಲ ಬಾಯಿಮಾತು.

2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂತು. ರೈತನ ಕಂತು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಮಿಕ್ಕದ್ದು ಸರ್ಕಾರಗಳದ್ದು, ಅಂದರೆ ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನಮ್ಮದು. ಗೇಣಿದಾರರೂ ಅರ್ಹರು ಎಂದು ನಿಯಮ ಹೇಳುತ್ತದೆ. ಆದರೆ ದಾಖಲೆ ತರಬೇಕಂತೆ! ಗೇಣಿಯೇ ಕಾನೂನಿಗೆ ವಿರುದ್ಧವಾದ ನಾಡಿನಲ್ಲಿ ಯಾವ ದಣಿ ಬರೆದುಕೊಡುತ್ತಾನೆ? ಬೀಜ ನಮ್ಮದು, ಸಾಲ ನಮ್ಮದು, ಒಣಗಿದ ಪೈರು ನಮ್ಮದು. ಪರಿಹಾರ ಮಾತ್ರ ಪಹಣಿದಾರನ ಖಾತೆಗೆ.

ಇನ್ನು ಲೆಕ್ಕದ ಮೋಸ ನೋಡಿ. ಆಲಿಕಲ್ಲಿನಂಥ ಕೆಲವು ನಷ್ಟ ಬಿಟ್ಟರೆ ಒಬ್ಬೊಬ್ಬನ ಹೊಲ ನೋಡುವುದಿಲ್ಲ. ಪಂಚಾಯತಿ ಇಲ್ಲವೇ ಹೋಬಳಿಯ ಸರಾಸರಿ ಇಳುವರಿ ನೋಡುತ್ತಾರೆ. ನಮಗೆ ದರಖಾಸ್ತಿನಲ್ಲಿ ಸಿಕ್ಕಿದ್ದು ಹೆಚ್ಚಾಗಿ ಮರಡಿ. ಎರೆ ಹೊಲದವನ ಬೆಳೆ ನಿಂತರೆ ಮರಡಿಯವನ ಗೋಳು ಸರಾಸರಿಯಲ್ಲಿ ಕರಗಿಹೋಗುತ್ತದೆ.

ಹೊಲದಲ್ಲಿ ಏನು ಬೆಳೆಯಬೇಕು ಅನ್ನುವುದನ್ನೂ ಇದೇ ಕಾಗದ ತೀರ್ಮಾನಿಸುತ್ತಿದೆ. ರಾಗಿಯ ನಡುವೆ ಅವರೆ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ. ಒಂದು ಕೈಕೊಟ್ಟರೆ ಇನ್ನೊಂದು. ಅದು ನಮ್ಮವ್ವಂದಿರ ವಿಮೆ, ಕಂತಿಲ್ಲದ ವಿಮೆ. ಇವರ ವಿಮೆ ಅಧಿಸೂಚನೆಯ ಬೆಳೆಗೆ ಮಾತ್ರ. ಬೆಂಬಲ ಬೆಲೆಯ 22 ಬೆಳೆಗಳ ಪಟ್ಟಿಯಲ್ಲಿ ಸಾಮೆ ಇಲ್ಲ, ನವಣೆ ಇಲ್ಲ, ಹುರುಳಿ ಇಲ್ಲ. ಮುಂದಿನ ವರ್ಷ ಈ ಹೊಲ ತನ್ನ ಕೈಲಿರುತ್ತದೋ ಇಲ್ಲವೋ ಎಂಬ ಗುತ್ತಿಗೆದಾರ ಬದು ಹಾಕುತ್ತಾನೆಯೇ, ಗೊಬ್ಬರ ಹೊಡೆಯುತ್ತಾನೆಯೇ? ಅಂಗಡಿಯವನು ಸಾಲ ಕೊಡುವ ಮೆಕ್ಕೆಜೋಳ, ಹತ್ತಿ ಹಾಕುತ್ತಾನೆ. ಆಮೇಲೆ ಪಂಡಿತರು ಬಂದು, ಭೂಮಿ ಬರಡಾಯ್ತು, ರೈತನಿಗೆ ತಿಳಿವಳಿಕೆ ಇಲ್ಲ ಎನ್ನುತ್ತಾರೆ. ತಿಳಿವಳಿಕೆ ಇದೆ ಕಣ್ರೀ, ಇಲ್ಲದ್ದು ಹಕ್ಕು.

ಪಕ್ಕದ ಆಂಧ್ರದಲ್ಲಿ 2011ರಲ್ಲೇ ಗೇಣಿದಾರರಿಗೆ ಸಾಲದ ಅರ್ಹತೆಯ ಕಾರ್ಡು ಕೊಡುವ ಕಾನೂನು ಬಂತು. 2019ರ ಕಾನೂನು ಮತ್ತೆ ಒಡೆಯನ ಸಹಿ ಕೇಳಿತು. ಸಹಿ ಎಲ್ಲಿದೆಯೋ ಅಲ್ಲಿ ದಣಿಯ ಕಾಲಿದೆ. ಆದ್ದರಿಂದ ನಮಗೆ ಒಡೆಯನ ಸಹಿ ಬೇಡ. ಉಳುವವರು ಯಾರೆಂದು ಗ್ರಾಮಸಭೆ ಹೇಳಲಿ. ಆ ಗಂಡಸಿನ, ಆ ಹೆಂಗಸಿನ ಹೆಸರಿಗೇ ವಿಮೆಯೂ ಪರಿಹಾರವೂ ಬರಲಿ.

ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಮುಂಗಾರು ಬಿತ್ತನೆಗೆ ನಿಮ್ಮೂರ ಹೊಲಗಳನ್ನು ಸುತ್ತಿರಿ. ನಿಜವಾಗಿ ಉಳುವವರ ಪಟ್ಟಿ ಬರೆಯಿರಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಯಾರು ಎದ್ದುಹೋಗುತ್ತಾರೋ ನೋಡೋಣ.